ಜೊತೆಗಾರನಿಗೆ ತುಕಡಿ ಕೊಡುವ ಮೊದಲು ಸರದಿ ಎಣಿಸಿ

ಪ್ರಶ್ನೆ: ನಾನಿರುವುದು ಸೋಮವಾರಪೇಟೆ ಹತ್ತಿರ, ಚಿಕ್ಕಪ್ಪನ ಮಗ ಗೋಣಿಕೊಪ್ಪದಲ್ಲಿ. ಇಬ್ಬರೂ ಒಂದೇ ತಂಡವಾಗಿ ಆನ್‌ಲೈನಿನಲ್ಲಿ ರಿಸ್ಕ್ ಮಾದರಿಯ (ದಾಳ ಉರುಳಿಸಿ ನಕ್ಷೆಯ ಪ್ರಾಂತ್ಯಗಳನ್ನು ಗೆಲ್ಲುವ) ಆಟ ಆಡುತ್ತೇವೆ, ಎದುರಿಗೂ ಇಬ್ಬರು. ಜೊತೆಗಾರನ ಪ್ರಾಂತ್ಯದಲ್ಲಿ ನಮ್ಮ ತುಕಡಿ ಇಳಿಸಲು ಆಟದಲ್ಲಿ ಅವಕಾಶವಿದೆ. ಆದರೆ ನಾನು ಕೊಟ್ಟದ್ದು ಅವನ ಟರ್ನ್ ಬರುವ ಮೊದಲೇ ಕರಗಿಹೋಗುತ್ತದೆ, ಇಲ್ಲವೇ ಕೊಟ್ಟು ಕೊಟ್ಟು ನಾನೇ ಬರಿಗೈಯಾಗುತ್ತೇನೆ. ಎಷ್ಟು ಕೊಡಬೇಕು, ಎಲ್ಲಿ, ಯಾವಾಗ? ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗ ಏನು ಮಾಡಬೇಕು?

ಉತ್ತರ: ನಿಮ್ಮ ತೊಂದರೆ ಎಷ್ಟು ಕೊಡುತ್ತೀರಿ ಎಂಬುದರಲ್ಲಿ ಇಲ್ಲ. ನೀವು ಕೊಟ್ಟ ಮೇಲೆ ಟರ್ನ್ ಯಾರದ್ದು ಎಂಬುದನ್ನು ನೋಡದೆ ಕೊಡುತ್ತಿದ್ದೀರಿ, ತೊಂದರೆ ಅಲ್ಲಿದೆ. ಮುಯ್ಯಾಳಿನ ಲೆಕ್ಕ ನಿಮಗೆ ಗೊತ್ತೇ ಇದೆ. ನಾಟಿಯ ದಿನ ಹತ್ತು ಆಳು ಬಂದರೆ ಗದ್ದೆ ಮುಗಿಯುತ್ತದೆ. ಅದೇ ಹತ್ತು ಆಳು ಮೂರು ದಿನ ತಡವಾಗಿ ಬಂದರೆ ಸಸಿಮಡಿಯಲ್ಲಿ ಪೈರು ಬಲಿತಿರುತ್ತದೆ. ತುಕಡಿಯೂ ಹಾಗೆಯೇ. ಅದು ದಾಳಿಗೆ ಬೇಕಾಗಿದ್ದರೆ ಜೊತೆಗಾರನ ಟರ್ನ್ ತನಕ ಬದುಕಿರಬೇಕು. ಕಾವಲಿಗೆ ಬೇಕಾಗಿದ್ದರೆ ಹೊಡೆಯುವ ಶತ್ರುವಿನ ಟರ್ನ್‌ಗೆ ಮೊದಲೇ ಅಲ್ಲಿರಬೇಕು. ಉಳಿದ ಲೆಕ್ಕವೆಲ್ಲ ಈ ಎರಡರಿಂದಲೇ ಹುಟ್ಟುತ್ತದೆ.

ಮೊದಲು ಕೊಡುವ ದಾರಿಗಳನ್ನು ಬೇರೆ ಮಾಡಿಕೊಳ್ಳಿ. ತಂಡದ ಆಟಕ್ಕೆ ಅವಕಾಶವಿರುವ ಕಾಂಕರ್ ಕ್ಲಬ್‌ನಂಥ ಆಟದ ಜಾಲತಾಣಗಳಲ್ಲಿ ಎರಡು ದಾರಿಗಳಿವೆ. ಟರ್ನ್ ಶುರುವಿನಲ್ಲಿ ಬರುವ ಹೊಸ ತುಕಡಿಗಳನ್ನು ನೇರವಾಗಿ ಜೊತೆಗಾರನ ಪ್ರಾಂತ್ಯದಲ್ಲಿ ಇಳಿಸುವುದು ಒಂದು. ಟರ್ನ್ ಕೊನೆಯಲ್ಲಿ ನಿಮ್ಮ ಪ್ರಾಂತ್ಯದಿಂದ ಅವನ ಪ್ರಾಂತ್ಯಕ್ಕೆ ಸಾಗಿಸುವುದು ಇನ್ನೊಂದು. ಇಳಿಸುವುದಕ್ಕೆ ದೂರದ ಹಂಗಿಲ್ಲ. ನೀವು ದಕ್ಷಿಣ ಅಮೆರಿಕದಲ್ಲಿದ್ದರೂ ಅವನ ಸಯಾಮ್‌ನಲ್ಲಿ 5 ತುಕಡಿ ಇಳಿಸಬಹುದು. ಸಾಗಿಸುವುದಕ್ಕೆ ಮಾತ್ರ ದಾರಿ ಬೇಕು. ಪಕ್ಕದ ಪ್ರಾಂತ್ಯಕ್ಕೆ ಮಾತ್ರ ಎಂಬ ನಿಯಮವಿದ್ದರೆ ಒಂದು ಟರ್ನ್‌ಗೆ ಒಂದೇ ಹೆಜ್ಜೆ. ಮೂರು ಪ್ರಾಂತ್ಯ ಒಳಗಿರುವ ಪಡೆ ಗಡಿ ಸೇರಲು ಮೂರು ಟರ್ನ್ ಬೇಕು. ಸರಪಳಿ ನಿಯಮವಿದ್ದರೆ ಸಂಪರ್ಕವಿರುವ ಪ್ರಾಂತ್ಯಗಳ ಮೂಲಕ ಒಂದೇ ಸಲಕ್ಕೆ ಎಷ್ಟು ದೂರಕ್ಕಾದರೂ ಕಳಿಸಬಹುದು. ಆಟ ಶುರುವಾಗುವ ಮೊದಲು ಇದರಲ್ಲಿ ಯಾವುದಿದೆ ಎಂದು ನೋಡದೆ ಆಡಬೇಡಿ. ಪಕ್ಕದ ಪ್ರಾಂತ್ಯದ ನಿಯಮವಿರುವ ಆಟದಲ್ಲಿ ಜೊತೆಗಾರನ ಒಳಪ್ರಾಂತ್ಯದಲ್ಲಿ ಇಳಿಸಿದ ತುಕಡಿ ಅಟ್ಟದ ಮೇಲಿಟ್ಟ ಭತ್ತದಂತೆ. ಇದೆ, ಆದರೆ ಇವತ್ತಿನ ಊಟಕ್ಕಿಲ್ಲ.

ಕೊಟ್ಟ ತುಕಡಿ ಆ ಕ್ಷಣದಿಂದ ಅವನದ್ದು, ಬಣ್ಣವೂ ಅವನದ್ದೇ. ವಾಪಸ್ ಬೇಕೆಂದರೆ ಅವನೇ ತನ್ನ ಟರ್ನ್‌ನಲ್ಲಿ ಸಾಗಿಸಬೇಕು. ಅದರಿಂದ ದಾಳಿ ಮಾಡುವ ಹಕ್ಕೂ ಅವನದ್ದೇ. ಹಾಗಾಗಿ ನಿಮ್ಮ ಕೈಯಲ್ಲೇ ಒಳ್ಳೆಯ ದಾಳಿಯಿದ್ದರೆ ಮೊದಲು ಅದನ್ನು ಮುಗಿಸಿ, ಕೊಡುವುದು ಆಮೇಲೆ.

ಈಗ ದಾಳದ ಲೆಕ್ಕ. ದಾಳಿಗೆ ಹೆಚ್ಚೆಂದರೆ 3 ದಾಳ, ಕಾವಲಿಗೆ 2. ಸಮ ಬಿದ್ದರೆ ಕಾವಲಿನವನಿಗೇ ಗೆಲುವು. 3 ದಾಳದ ಎದುರು 2 ದಾಳ ಉರುಳಿದಾಗ ಶೇ. 37 ಸಲ ಕಾವಲಿನ ಎರಡೂ ತುಕಡಿ ಹೋಗುತ್ತವೆ, ಶೇ. 34 ಸಲ ಎರಡೂ ಕಡೆ ಒಂದೊಂದು ಹೋಗುತ್ತದೆ, ಶೇ. 29 ಸಲ ದಾಳಿಯ ಎರಡು ಹೋಗುತ್ತವೆ. ಸರಾಸರಿ ನೋಡಿದರೆ 10 ತುಕಡಿ ಕೊಲ್ಲಲು ಸುಮಾರು 8.5 ತುಕಡಿ ಖರ್ಚು. ಆದರೆ 2 ದಾಳದ ಎದುರು 2 ದಾಳಕ್ಕೆ ಇಳಿದರೆ ತಕ್ಕಡಿ ತಿರುಗಿಬಿಡುತ್ತದೆ: ಆಗ ದಾಳಿಯ ಎರಡೂ ತುಕಡಿ ಹೋಗುವ ಸಂಭವ ಶೇ. 45, ಕಾವಲಿನ ಎರಡೂ ಹೋಗುವುದು ಶೇ. 23 ಮಾತ್ರ. ಮೂರನೆಯ ದಾಳವೇ ದಾಳಿಯ ಬೆನ್ನೆಲುಬು. ಅದು ಸಿಗಬೇಕಾದರೆ ಪ್ರಾಂತ್ಯದಲ್ಲಿ ಕನಿಷ್ಠ 4 ತುಕಡಿ ಇರಬೇಕು, ಏಕೆಂದರೆ ಒಂದು ಯಾವಾಗಲೂ ಹಿಂದೆ ನಿಲ್ಲಲೇಬೇಕು.

ತಂಡದಲ್ಲಿ ತುಕಡಿ ಹಂಚಿಕೊಳ್ಳುವುದರ ಬೆಲೆ ಇಲ್ಲಿ ತಿಳಿಯುತ್ತದೆ. ಶತ್ರುವಿನ ಒಂದು ಪ್ರಾಂತ್ಯದಲ್ಲಿ 5 ತುಕಡಿ ಇದೆ ಎನ್ನಿ. ಅದರ ಒಂದು ಬದಿಯಲ್ಲಿ ನಿಮ್ಮ 4, ಇನ್ನೊಂದು ಬದಿಯಲ್ಲಿ ಜೊತೆಗಾರನ 4. ನೀವೊಬ್ಬರೇ ಹೊಡೆದರೆ 3 ತುಕಡಿ 5ರ ಮೇಲೆ. ಗೆಲ್ಲುವ ಸಂಭವ ಸುಮಾರು ಶೇ. 21. ಹೊಡೆಯುವ ಬದಲು ನಿಮ್ಮ 3 ತುಕಡಿಯನ್ನು ಅವನ ಪ್ರಾಂತ್ಯಕ್ಕೆ ಸಾಗಿಸಿದರೆ ಅಲ್ಲಿ 7 ಆಗುತ್ತದೆ, ದಾಳಿಗೆ 6 ಸಿಗುತ್ತದೆ. 6ಕ್ಕೆ 5 ಎಂದರೆ ಸಂಭವ ಸುಮಾರು ಶೇ. 64. ತುಕಡಿ ಅಷ್ಟೇ, ದಾಳವೂ ಅವೇ. ಒಂದೆಡೆ ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ. ಆದರೆ ನಡುವೆ ಆ ಶತ್ರುವಿನದ್ದೇ ಟರ್ನ್ ಬಂದರೆ 5 ಇದ್ದದ್ದು 8 ಆಗಬಹುದು ಅಥವಾ ಅವನೇ ನಿಮ್ಮ ಖಾಲಿ ಪ್ರಾಂತ್ಯಕ್ಕೆ ನುಗ್ಗಬಹುದು. ಹಾಗಾಗಿ ಇದು ಇನ್ನೊಬ್ಬ ಶತ್ರುವಿನ ಟರ್ನ್ ನಡುವೆ ಬರುವಾಗ ಮಾಡುವ ಕೆಲಸ.

ಕೊನೆಯ ಒಂದು ತುಕಡಿಯ ಬೆಲೆಯನ್ನು ತುಂಬ ಜನ ಗಮನಿಸುವುದಿಲ್ಲ. ಜೊತೆಗಾರನ 1 ತುಕಡಿಯ ಪ್ರಾಂತ್ಯಕ್ಕೆ 2 ಕೊಟ್ಟರೆ ಅವನು 2 ತುಕಡಿಯಿಂದ ಹೊಡೆಯಬಹುದು. ಎದುರಿಗೆ 2 ಇದ್ದರೆ ಗೆಲ್ಲುವ ಸಂಭವ ಶೇ. 36. 3 ಕೊಟ್ಟರೆ ಮೂರು ದಾಳ ಸಿಗುತ್ತದೆ, ಸಂಭವ ಶೇ. 66ಕ್ಕೆ ಏರುತ್ತದೆ. ಹೊಸ ಕಡೆ ಕೊಡುವಾಗ 3ಕ್ಕಿಂತ ಕಡಿಮೆ ಕೊಡಬೇಡಿ. ಅಷ್ಟು ಕೊಡಲಾಗದಿದ್ದರೆ ಈಗಾಗಲೇ ದೊಡ್ಡದಿರುವ ಪಡೆಗೆ ಸೇರಿಸಿ.

ನಿಮ್ಮ ಪ್ರಶ್ನೆಯ ನಡುಮನೆಗೆ ಈಗ ಬರೋಣ. ಒಂದು ಪೂರ್ತಿ ಉದಾಹರಣೆ ಕೊಡುತ್ತೇನೆ; ಎದುರಿಗೆ ನಕ್ಷೆ ಇಟ್ಟುಕೊಂಡು ಓದಿ. ರಿಸ್ಕ್‌ನ ಹಳೆಯ ನಕ್ಷೆಯೇ ಸಾಕು: 42 ಪ್ರಾಂತ್ಯ, 6 ಖಂಡ. ನಿಮ್ಮ ಕೈಯಲ್ಲಿ ದಕ್ಷಿಣ ಅಮೆರಿಕದ 4 ಪ್ರಾಂತ್ಯ, ಬೋನಸ್ (ಇಡೀ ಖಂಡ ಹಿಡಿದದ್ದಕ್ಕೆ ಟರ್ನ್‌ಗೆ ಬರುವ ಹೆಚ್ಚುವರಿ ತುಕಡಿ) 2. ಜೊತೆಗಾರನ ಕೈಯಲ್ಲಿ ಆಫ್ರಿಕದ 6 ಪ್ರಾಂತ್ಯ, ಬೋನಸ್ 3. ಯೂರೋಪಿನ ಕಡೆಯವನು ಮೊದಲ ಶತ್ರು, ಉತ್ತರ ಅಮೆರಿಕದ ಕಡೆಯವನು ಎರಡನೆಯ ಶತ್ರು. ಇಬ್ಬರಿಗೂ ಖಂಡದ ಬೋನಸ್ ಇಲ್ಲ, ಟರ್ನ್‌ಗೆ 3 ತುಕಡಿ. ಮಧ್ಯಪ್ರಾಚ್ಯವೂ ಸೇರಿ ಉಳಿದ ಹಲವು ಪ್ರಾಂತ್ಯಗಳು ಯಾರ ಪರವೂ ಆಡದ ತಟಸ್ಥ ಪಡೆಯ ಕೈಯಲ್ಲಿವೆ. ಸರದಿ ಹೀಗೆ: ನೀವು, ಮೊದಲ ಶತ್ರು, ಜೊತೆಗಾರ, ಎರಡನೆಯ ಶತ್ರು.

ನಿಮ್ಮ ವೆನೆಜುವೆಲದಲ್ಲಿ 5, ಬ್ರೆಜಿಲ್‌ನಲ್ಲಿ 6, ಉಳಿದೆರಡರಲ್ಲಿ ಒಂದೊಂದು. ಜೊತೆಗಾರನ ಉತ್ತರ ಆಫ್ರಿಕದಲ್ಲಿ 4, ಈಜಿಪ್ಟ್‌ನಲ್ಲಿ 3. ಮೊದಲ ಶತ್ರುವಿನ ದಕ್ಷಿಣ ಯೂರೋಪಿನಲ್ಲಿ 5. ಎರಡನೆಯ ಶತ್ರುವಿನ ಮಧ್ಯ ಅಮೆರಿಕದಲ್ಲಿ 6, ಅದು ನಿಮ್ಮ ವೆನೆಜುವೆಲಕ್ಕೆ ತಾಗಿಕೊಂಡಿದೆ. ನಿಮಗೆ ಈ ಟರ್ನ್‌ನಲ್ಲಿ 5 ತುಕಡಿ ಬರುತ್ತದೆ: ಕನಿಷ್ಠ 3, ಬೋನಸ್ 2.

ಹೆಚ್ಚಿನವರ ಕೈ ನೇರ ವೆನೆಜುವೆಲಕ್ಕೇ ಹೋಗುತ್ತದೆ, ತನ್ನ ಗಡಿ ತನಗೆ ಹತ್ತಿರ ಕಾಣುವುದರಿಂದ. ಆದರೆ ವೆನೆಜುವೆಲವನ್ನು ಹೊಡೆಯುವವನು ಎರಡನೆಯ ಶತ್ರು. ಅವನ ಟರ್ನ್‌ಗೆ ಮೊದಲು ನಿಮ್ಮ ಜೊತೆಗಾರನ ಟರ್ನ್ ಇದೆ. ನಿಮ್ಮ ಟರ್ನ್ ಮುಗಿದ ತಕ್ಷಣ ಆಡುವವನು ಮೊದಲ ಶತ್ರು. ಅವನು ತಾಗುವುದು ಆಫ್ರಿಕಕ್ಕೆ. ಅವನಿಗೆ 5 ಇದೆ, 3 ಬರುತ್ತದೆ, ಒಂದು ಹಿಂದೆ ನಿಂತರೂ 7 ದಾಳಿಗೆ ಸಿದ್ಧ. 3 ಇರುವ ಈಜಿಪ್ಟ್ ಬೀಳುವ ಸಂಭವ ಶೇ. 91, 4 ಇರುವ ಉತ್ತರ ಆಫ್ರಿಕ ಬೀಳುವುದು ಶೇ. 83. ಯಾವುದು ಬಿದ್ದರೂ ಜೊತೆಗಾರನ 3 ಬೋನಸ್ ಹೋಯಿತು.

ಈಗ ತಿರುಗಿಸಿ ಆಡಿ. ಬಂದ 5 ತುಕಡಿಯನ್ನೂ ಈಜಿಪ್ಟ್‌ನಲ್ಲಿ ಇಳಿಸಿ. ಅಲ್ಲಿ 8 ಆಯಿತು. ಟರ್ನ್ ಕೊನೆಯಲ್ಲಿ ಬ್ರೆಜಿಲ್‌ನಿಂದ 5ನ್ನು ಪಕ್ಕದ ಉತ್ತರ ಆಫ್ರಿಕಕ್ಕೆ ಸಾಗಿಸಿ. ಅಲ್ಲಿ 9 ಆಯಿತು. ಈಗ ಅವನಿಗೆ ಈಜಿಪ್ಟ್ ಸಿಗುವ ಸಂಭವ ಶೇ. 45ಕ್ಕೆ ಇಳಿಯಿತು, ಉತ್ತರ ಆಫ್ರಿಕ ಸಿಗುವುದು ಸುಮಾರು ಶೇ. 35ಕ್ಕೆ. ಗೆದ್ದರೂ ಅವನ ಬಳಿ ಕೈಬೆರಳೆಣಿಕೆಯಷ್ಟು ಉಳಿಯುತ್ತದೆ, ಪಕ್ಕದಲ್ಲೇ ನಿಂತಿರುವ ಇನ್ನೊಂದು ದೊಡ್ಡ ಪಡೆಯ ಟರ್ನ್ ಬರುವುದು ಅವನ ನಂತರವೇ. ಬುದ್ಧಿಯಿರುವ ಆಟಗಾರ ಹೊಡೆಯುವುದೇ ಇಲ್ಲ. ಆಮೇಲೆ ಜೊತೆಗಾರನಿಗೆ 6 ತುಕಡಿ ಬರುತ್ತದೆ. ಅದರಲ್ಲಿ 4ನ್ನು ಅವನು ನಿಮ್ಮ ವೆನೆಜುವೆಲದಲ್ಲಿ ಇಳಿಸಲಿ. ಎರಡನೆಯ ಶತ್ರುವಿನ 6ಕ್ಕೆ 3 ಸೇರಿ 8 ದಾಳಿಗೆ ಬರುತ್ತದೆ. 5 ಇದ್ದಿದ್ದರೆ ವೆನೆಜುವೆಲ ಶೇ. 82 ಸಲ ಬೀಳುತ್ತಿತ್ತು, 9 ಇದ್ದರೆ ಶೇ. 46. ಉಳಿದ 2 ತುಕಡಿ ಮತ್ತು ಉತ್ತರ ಆಫ್ರಿಕದ 9 ಸೇರಿಸಿಕೊಂಡು ದಕ್ಷಿಣ ಯೂರೋಪನ್ನು ಹೊಡೆಯಬೇಕೋ ಬೇಡವೋ ಎಂದು ಅವನು ಆ ಹೊತ್ತಿಗೆ ತೀರ್ಮಾನಿಸಲಿ.

ನಿಮ್ಮ ಗಡಿಯನ್ನು ಅವನು ಕಾಯುತ್ತಾನೆ, ಅವನ ಗಡಿಯನ್ನು ನೀವು ಕಾಯುತ್ತೀರಿ. ಕೇಳಲು ವಿಚಿತ್ರವೆನಿಸಿದರೂ ಪರ್ಯಾಯ ಸರದಿಯಿರುವ ಜೋಡಿ ಆಟದಲ್ಲಿ ಇದೇ ಸರಿಯಾದ ಕ್ರಮ. ಒಂದು ಗಡಿಗೆ ಅಪಾಯ ತರುವ ಶತ್ರು ಯಾರು, ಅವನಿಗಿಂತ ಸ್ವಲ್ಪ ಮೊದಲು ಆಡುವವರು ನಮ್ಮಲ್ಲಿ ಯಾರು ಎಂದು ಎರಡೇ ಪ್ರಶ್ನೆ ಕೇಳಿ. ಆ ಗಡಿಯ ಹೊಣೆ ಅವರದ್ದು, ಪ್ರಾಂತ್ಯ ಯಾರದ್ದಾದರೂ ಸರಿ. ನಿಮ್ಮ ತುಕಡಿ ಕರಗಿಹೋಗುತ್ತಿದ್ದದ್ದು, ಬಹುಶಃ, ಅವನ ದಾಳಿಗೆಂದು ನೀವು ಸಣ್ಣ ಸಣ್ಣದಾಗಿ ಗಡಿಯಲ್ಲಿ ಇಳಿಸಿದ್ದರಿಂದ. ಶತ್ರು ಅದನ್ನು ನೋಡುತ್ತಾನೆ, ಅವನ ಟರ್ನ್ ಮೊದಲು ಬರುತ್ತದೆ, ತೆಗೆದುಬಿಡುತ್ತಾನೆ.

ಅದೇ ಉದಾಹರಣೆಯಲ್ಲಿ ಬ್ರೆಜಿಲ್‌ನಿಂದ 5 ತೆಗೆದದ್ದನ್ನು ಗಮನಿಸಿ. ಬ್ರೆಜಿಲ್ ಮತ್ತು ಉತ್ತರ ಆಫ್ರಿಕದ ನಡುವಿನ ಗಡಿ ಈಗ ನಿಮ್ಮ ಮನೆಯೊಳಗಿನ ಬಾಗಿಲು. ದಕ್ಷಿಣ ಅಮೆರಿಕಕ್ಕೆ ಎರಡು ಹೆಬ್ಬಾಗಿಲು, ಆಫ್ರಿಕಕ್ಕೆ ಮೂರು, ಒಟ್ಟು ಐದು. ಇಬ್ಬರೂ ಒಂದೇ ತಂಡವಾದಾಗ ವೆನೆಜುವೆಲ, ಉತ್ತರ ಆಫ್ರಿಕ, ಈಜಿಪ್ಟ್, ಪೂರ್ವ ಆಫ್ರಿಕ ಎಂದು ನಾಲ್ಕೇ ಉಳಿಯುತ್ತವೆ. ಕೊಡಗಿನಲ್ಲಿ ನಾಡುಗಳ ಗಡಿಗುಂಟ ತೋಡಿದ ಹಳೆಯ ಕಡಂಗಗಳನ್ನು ಕಾಡು, ತೋಟಗಳ ನಡುವೆ ನೀವು ನೋಡಿರುತ್ತೀರಿ. ಎರಡು ನಾಡು ಒಂದಾಗಿ ನಿಂತ ಮೇಲೆ ಅವುಗಳ ನಡುವಿನ ಕಡಂಗಕ್ಕೆ ಕಾವಲೇಕೆ? ಒಳಗಡಿಯಲ್ಲಿ ಒಂದೊಂದು ತುಕಡಿ ಬಿಟ್ಟು ಉಳಿದದ್ದನ್ನೆಲ್ಲ ಹೊರಗಡಿಗೆ ತಳ್ಳುವುದು ತಂಡದ ಆಟದ ಮೊದಲ ಎರಡು ಸುತ್ತಿನ ಕೆಲಸ. ಉತ್ತರ ಆಫ್ರಿಕ ಬಿದ್ದರೆ ಬ್ರೆಜಿಲ್ ಬರಿದಾಗಿರುತ್ತದೆ ಎಂಬ ಭಯ ನಿಜ. ಅದಕ್ಕಾಗಿಯೇ ಅಲ್ಲಿ 9 ಇಟ್ಟದ್ದು.

ಎಷ್ಟು ಇಟ್ಟರೆ ನಿಲ್ಲುತ್ತದೆ ಎಂಬುದಕ್ಕೆ ಒಂದು ಕೈಲೆಕ್ಕ. ನಡುವೆ ಆಡುವ ಶತ್ರುವಿನ ಪಕ್ಕದ ಪಡೆಯಿಂದ ಒಂದು ಕಳೆಯಿರಿ, ಅವನಿಗೆ ಬರುವ ತುಕಡಿ ಸೇರಿಸಿ, ಅವನ ಬಳಿ ಮೂರು ಅಥವಾ ಹೆಚ್ಚು ಕಾರ್ಡ್ ಇದ್ದರೆ (ಮೂರು ಕಾರ್ಡ್‌ಗಳ ಸೆಟ್ ಒಪ್ಪಿಸಿದರೆ ಹೆಚ್ಚುವರಿ ತುಕಡಿ ಸಿಗುತ್ತದೆ) ಆ ಸೆಟ್‌ನ ಬೆಲೆಯನ್ನೂ ಸೇರಿಸಿ. ಬಂದ ಮೊತ್ತದಷ್ಟು ಇಟ್ಟರೆ ದೊಡ್ಡ ಪಡೆಗಳಲ್ಲಿ ಮೇಲುಗೈ ಅವನದ್ದೇ. 10ರ ಎದುರು 10 ಇದ್ದರೆ ದಾಳಿ ಗೆಲ್ಲುವುದು ಶೇ. 57 ಸಲ. ಮೊತ್ತಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ಇಟ್ಟರೆ ಅವನು ಹೊಡೆಯಲು ಹಿಂಜರಿಯುತ್ತಾನೆ. ಅಷ್ಟು ನಿಮ್ಮಲ್ಲಿ ಇಲ್ಲವೇ? ಹಾಗಾದರೆ ಅಲ್ಲಿ ಕೊಡಲೇಬೇಡಿ, ಒಂದು ಹೆಜ್ಜೆ ಹಿಂದಿನ ಪ್ರಾಂತ್ಯದಲ್ಲಿ ಇಡಿ. ಅವನು ಗಡಿಯ ಪ್ರಾಂತ್ಯವನ್ನು ಹಿಡಿದು ದಣಿದು ನಿಂತಾಗ ಜೊತೆಗಾರ ಹಿಂದಿನಿಂದ ಬಂದು ಕಿತ್ತುಕೊಳ್ಳಲಿ. ಬೋನಸ್ ಒಂದು ಸುತ್ತು ಹೋಗುತ್ತದೆ, ಆದರೆ ಪಡೆ ಉಳಿಯುತ್ತದೆ.

ಕಾರ್ಡ್ ವಿಷಯ ತುಕಡಿಯಷ್ಟೇ ಮುಖ್ಯ. ಒಂದು ಟರ್ನ್‌ನಲ್ಲಿ ಕನಿಷ್ಠ ಒಂದು ಪ್ರಾಂತ್ಯ ಗೆದ್ದರೆ ಮಾತ್ರ ಒಂದು ಕಾರ್ಡ್. ಕಾರ್ಡನ್ನು ಜೊತೆಗಾರನಿಗೆ ಕೊಡಲಾಗುವುದಿಲ್ಲ. ನೀವು ಎಲ್ಲ ತುಕಡಿ ಕೊಟ್ಟು ಒಂದು ಪ್ರಾಂತ್ಯವನ್ನೂ ಗೆಲ್ಲದೆ ಟರ್ನ್ ಮುಗಿಸಿದರೆ ಒಂದು ಕಾರ್ಡ್ ಬಿಟ್ಟುಕೊಟ್ಟಂತೆ. ಬರಿಗೈಯಾಗುತ್ತೇನೆ ಎಂದಿರಲ್ಲ, ಅದರ ಮೂಲ ಹೆಚ್ಚಾಗಿ ಇದೇ. ಏರುವ ಬೆಲೆಯ ಆಟದಲ್ಲಿ ಸೆಟ್‌ಗಳು 4, 6, 8, 10, 12, 15 ಎಂದು ಏರಿ ಮುಂದೆ ಐದೈದರಂತೆ ಬೆಳೆಯುತ್ತವೆ; ಎಂಟನೆಯ ಸೆಟ್‌ಗೆ 25. ಅಂಥ ಆಟದಲ್ಲಿ ಹತ್ತಿರದಲ್ಲಿ ಒಂದೇ ತುಕಡಿಯ ಶತ್ರುಪ್ರಾಂತ್ಯ ಇದ್ದರೆ ದಾಳಿಗೆ 3 ತುಕಡಿ ಸಿಗುವಷ್ಟನ್ನು ಅದಕ್ಕೆಂದೇ ತೆಗೆದಿಡಿ, ಗೆಲ್ಲುವ ಸಂಭವ ಶೇ. 92. ಉಳಿದದ್ದನ್ನು ಕೊಡಿ. ಮೇಲಿನ ಉದಾಹರಣೆಯಲ್ಲಿ ನಿಮಗೆ ಸುಲಭದ ಬೇಟೆ ಇರಲಿಲ್ಲ, ಅದಕ್ಕೇ ಕಾರ್ಡ್ ಬಿಟ್ಟದ್ದು. ಎರಡು ಟರ್ನ್ ಹಾಗೇ ಬಿಡುವ ಪರಿಸ್ಥಿತಿ ಬಂದರೆ ಯೋಜನೆಯನ್ನೇ ಬದಲಾಯಿಸಬೇಕು. ಸ್ಥಿರ ಬೆಲೆಯ ಆಟದಲ್ಲಿ ಸೆಟ್‌ಗೆ ಹೆಚ್ಚೆಂದರೆ 10. ಅಲ್ಲಿ ಕಾರ್ಡ್‌ಗಿಂತ ಖಂಡದ ಬೋನಸ್ ಉಳಿಸಿಕೊಳ್ಳುವುದು ಲಾಭ.

ಕಾರ್ಡ್‌ನ ಇನ್ನೊಂದು ಮುಖವಿದೆ, ಇಲ್ಲಿ ಒಳ್ಳೆಯ ಜೋಡಿಗಳೂ ಎಡವುತ್ತವೆ. ಯಾರನ್ನಾದರೂ ಪೂರ್ತಿ ನಿರ್ಮೂಲ ಮಾಡಿದರೆ ಅವರ ಕಾರ್ಡ್‌ಗಳೆಲ್ಲ ಮಾಡಿದವನಿಗೆ ಸೇರುತ್ತವೆ. ನಿಮ್ಮ ಜೊತೆಗಾರ ಮೂರು ಪ್ರಾಂತ್ಯಕ್ಕೆ ಇಳಿದಿದ್ದಾನೆ, ಕೈಯಲ್ಲಿ 4 ಕಾರ್ಡ್ ಇದೆ ಎನ್ನಿ. ಶತ್ರುವಿಗೆ ಅವನು ಬಾಳೆಗೊನೆ. ಆಗ ಕನಿಕರದಿಂದ ಮೂರೂ ಕಡೆ ಎರಡೆರಡು ತುಕಡಿ ಹಂಚಬೇಡಿ. ನಿರ್ಮೂಲವಾಗಲು ಮೂರೂ ಬೀಳಬೇಕು. ಉಳಿಯಲು ಒಂದು ಸಾಕು. ಶತ್ರುವಿನಿಂದ ಅತಿ ದೂರದ ಒಂದೇ ಪ್ರಾಂತ್ಯದಲ್ಲಿ ಎಲ್ಲವನ್ನೂ ಇಳಿಸಿ. ಉಳಿದೆರಡು ಹೋಗಲಿ. ಅವನ ಟರ್ನ್ ಬಂದಾಗ ಸೆಟ್ ಇಟ್ಟರೆ ಆ ತುಕಡಿಗಳನ್ನು ನಿಮ್ಮ ಪ್ರಾಂತ್ಯದಲ್ಲೂ ಇಳಿಸಬಹುದು. ಇದೇ ತರ್ಕವನ್ನು ಶತ್ರುವಿನ ಮೇಲೂ ಹಾಕಿ. ಶತ್ರುಗಳಲ್ಲಿ ಒಬ್ಬ ನಿರ್ಮೂಲಕ್ಕೆ ಹತ್ತಿರವಿದ್ದರೆ ನಿಮ್ಮಿಬ್ಬರಲ್ಲಿ ಅವನ ಕೊನೆಯ ಪ್ರಾಂತ್ಯದವರೆಗೆ ತಲುಪಬಲ್ಲವನು ಯಾರೋ ಅವನಿಗೇ ಎಲ್ಲ ಕೊಡಿ. ಅರ್ಧ ಹೊಡೆದು ಬಿಟ್ಟರೆ ಅವನ ಜೊತೆಗಾರ ಕಾಪಾಡುತ್ತಾನೆ.

ಪ್ರಾಂತ್ಯದ ಎಣಿಕೆಯಲ್ಲೂ ಒಂದು ಸಣ್ಣ ಲಾಭವಿದೆ. ಪ್ರಾಂತ್ಯಗಳನ್ನು 3ರಿಂದ ಭಾಗಿಸಿ, ಶೇಷ ಬಿಟ್ಟು, ಬಂದಷ್ಟು ತುಕಡಿ ಕೊಡುತ್ತಾರೆ, 3ಕ್ಕಿಂತ ಕಡಿಮೆಯಿಲ್ಲ. 11ಕ್ಕೂ 3, 9ಕ್ಕೂ 3. 12 ಆದರೆ 4. ನಿಮ್ಮಲ್ಲಿ 13 ಇದ್ದು ಅವನಲ್ಲಿ 11 ಇದ್ದರೆ ಮುಂದಿನ ಪ್ರಾಂತ್ಯವನ್ನು ಗೆಲ್ಲಬೇಕಾದವನು ಅವನು, ನೀವಲ್ಲ. ನಿಮಗೆ 14 ಆದರೂ ಸಿಗುವುದು 4 ಮಾತ್ರ. ದಾಳಿಗೆ ಇಬ್ಬರಿಗೂ ಸಮಾನ ಅವಕಾಶವಿದ್ದಾಗ ತುಕಡಿಯನ್ನು ಅವನಿಗೆ ಕೊಟ್ಟು ಗೆಲ್ಲಿಸಿ. ಜೊತೆಗಾರನ ಮೇಲೇ ದಾಳಿ ಮಾಡಲು ಬಿಡುವ ಆಟಗಳಲ್ಲಿ ಇದು ಇನ್ನೂ ಸುಲಭ: ನಿಮ್ಮ ಒಂದು ತುಕಡಿಯ ಪ್ರಾಂತ್ಯವನ್ನು ಅವನು ತೆಗೆದುಕೊಂಡರೆ ಎಣಿಕೆಯೂ ಆಯಿತು, ಅವನ ಕಾರ್ಡೂ ಆಯಿತು. ಖಂಡದ ಬೋನಸ್ ಬರಲು ಇಡೀ ಖಂಡ ಒಬ್ಬನ ಹೆಸರಿನಲ್ಲೇ ಇರಬೇಕಾದ ಆಟದಲ್ಲಿ ನಡುವೆ ಸಿಕ್ಕಿಕೊಂಡ ನಿಮ್ಮ ಪ್ರಾಂತ್ಯವನ್ನು ಬಿಟ್ಟುಕೊಡಲೂ ಇದೇ ದಾರಿ. ಅಲ್ಲಿ 1 ತುಕಡಿ ಮಾತ್ರ ಬಿಟ್ಟು ಉಳಿದದ್ದನ್ನು ಮೊದಲೇ ಸಾಗಿಸಿರಿ. 3 ಬಿಟ್ಟು ಅವನಿಂದ ಹೊಡೆಸಿಕೊಂಡರೆ ತಂಡದ ತುಕಡಿ ತಂಡದಿಂದಲೇ ಸಾಯುತ್ತದೆ.

ಇನ್ನು ಮಾತು. ತುಕಡಿ ಕೊಟ್ಟು ಸುಮ್ಮನಿದ್ದರೆ ಅವನು ಅದನ್ನು ನೀವು ಎಣಿಸದ ಕಡೆ ಖರ್ಚು ಮಾಡುತ್ತಾನೆ. ಅದು ಅವನ ತಪ್ಪಲ್ಲ. ಟರ್ನ್ ಮುಗಿಸುವ ಮೊದಲು ತಂಡದ ಚಾಟ್‌ನಲ್ಲಿ ಒಂದು ಸಾಲು ಬರೆಯಿರಿ: ಎಲ್ಲಿ ಎಷ್ಟಿದೆ, ಯಾಕೆ, ಎಲ್ಲಿ ನಿಲ್ಲಿಸಬೇಕು. ಉದಾಹರಣೆಗೆ, “ಉ. ಆಫ್ರಿಕ 9. ದ. ಯೂರೋಪ್ 5ಕ್ಕಿಂತ ಹೆಚ್ಚಾಗದಿದ್ದರೆ ಹೊಡಿ. ನಿನ್ನದು 4ಕ್ಕೆ ಇಳಿದರೆ ನಿಲ್ಲಿಸು. ವೆನೆಜುವೆಲಕ್ಕೆ 4 ಮರೆಯಬೇಡ.” ನಿಲ್ಲಿಸುವ ಅಂಕೆ ಬಹಳ ಮುಖ್ಯ. ದಾಳ ಕೈಕೊಟ್ಟಾಗ ಇನ್ನೊಂದು ಸಲ ಎಂದು ಉರುಳಿಸುತ್ತ ಹೋಗಿ, 3 ತುಕಡಿಗೆ ಇಳಿದ ಮೇಲೂ ಎರಡೇ ದಾಳದಿಂದ ಹೊಡೆಯುವುದು ಈ ಆಟದಲ್ಲಿ ಅತಿ ಹೆಚ್ಚು ತುಕಡಿ ನುಂಗುವ ಚಾಳಿ. ಗೆದ್ದ ಮೇಲೆ ಎಷ್ಟು ಮುಂದೆ ಸಾಗಿಸಬೇಕು ಎಂಬುದನ್ನೂ ಹೇಳಿಬಿಡಿ. ಎಲ್ಲವನ್ನೂ ಮುಂದಕ್ಕೆ ತಂದರೆ ಹಿಂದಿನ ಬಾಗಿಲು ತೆರೆದಿರುತ್ತದೆ. ತಂಡದ ಚಾಟ್‌ನಲ್ಲಿ ಕನ್ನಡವೋ ಕೊಡವ ತಕ್ಕೋ ನಿಮ್ಮಿಷ್ಟ. ಆದರೆ ಎಲ್ಲರೂ ಓದುವ ಚಾಟ್‌ನಲ್ಲಿ ಮಾಡುವ ಒಪ್ಪಂದ ಎದುರಾಳಿಗಳಿಗೂ ಅರ್ಥವಾಗುವ ಭಾಷೆಯಲ್ಲಿರಬೇಕು.

ಪ್ರತಿಯೊಬ್ಬರೂ ತಮಗಾಗಿ ಆಡುವ ಆಟದಲ್ಲಿ ಇದ್ಯಾವುದನ್ನೂ ಮಾಡಬೇಡಿ. ಅಲ್ಲಿ ಗುಟ್ಟಾಗಿ ಒಬ್ಬರಿಗೊಬ್ಬರು ಜಾಗ ಬಿಡುವುದು, ಬೇಕೆಂದೇ ಹೊಡೆಯದಿರುವುದು ಮೋಸ. ಖಾತೆ ಹೋಗುತ್ತದೆ, ಹೋಗಬೇಕು ಕೂಡ. ಹಬ್ಬಕ್ಕೆಂದು ಇಬ್ಬರೂ ಒಂದೇ ಮನೆಯಲ್ಲಿದ್ದು ಒಂದೇ ವೈಫೈಯಿಂದ ಆಡಿದರೆ ಒಬ್ಬನೇ ಎರಡು ಖಾತೆ ನಡೆಸುತ್ತಿದ್ದಾನೆ ಎಂಬ ಅನುಮಾನ ಬರಬಹುದು. ಆಗ ತಂಡದ ಆಟಗಳನ್ನು ಮಾತ್ರ ಆಡಿ. ಅವನ ಪಾಸ್‌ವರ್ಡ್‌ನಿಂದ ಅವನ ಟರ್ನ್ ನೀವು ಆಡುವುದು ನಿಯಮದಲ್ಲಿ ಸ್ಪಷ್ಟವಾಗಿ ಅನುಮತಿಯಿದ್ದರೆ ಮಾತ್ರ.

ಬೇರೆ ಆಟಗಳಿಗೆ ಹೋದರೆ ಕೊಡುವುದರ ಅರ್ಥವೇ ಬದಲಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಎರಡನೆಯ ಮಹಾಯುದ್ಧದ ಆಟವಾದ ಆಕ್ಸಿಸ್ ಅಂಡ್ ಅಲೈಸ್‌ನಲ್ಲಿ ತುಕಡಿಯ ಒಡೆತನ ಎಂದೂ ಬದಲಾಗುವುದಿಲ್ಲ. ಮಿತ್ರರ ಪಡೆಗಳು ಒಂದೇ ಪ್ರಾಂತ್ಯದಲ್ಲಿ ನಿಂತು ಒಟ್ಟಿಗೆ ಕಾವಲು ಕಾಯಬಹುದು, ಒಟ್ಟಿಗೆ ದಾಳಿ ಮಾಡಲಾಗದು. ಪ್ರತಿಯೊಬ್ಬರೂ ತಮ್ಮ ಟರ್ನ್‌ನಲ್ಲೇ ಹೊಡೆಯಬೇಕು. ಅಲ್ಲಿ ಜೊತೆಗಾರನಿಗೆ ಕೊಡಬೇಕಾದ್ದು ಕಾವಲಿನ ಬಲ. ಅವನು ದಾಳಿ ಮಾಡಿ ಗೆದ್ದ ಪ್ರಾಂತ್ಯಕ್ಕೆ ನಿಮ್ಮ ಟರ್ನ್ ಬಂದಾಗ ಪದಾತಿಯನ್ನೋ ಯುದ್ಧವಿಮಾನವನ್ನೋ ಕಳಿಸಿ ನಿಲ್ಲಿಸುವುದು. ಮಿತ್ರನ ಹಡಗಿನಲ್ಲಿ ನಿಮ್ಮ ಪಡೆ ಸಾಗಿಸಲು ಮೂರು ಹಂತ ಬೇಕು: ನಿಮ್ಮ ಟರ್ನ್‌ನಲ್ಲಿ ಹತ್ತಿಸುವುದು, ಅವನ ಟರ್ನ್‌ನಲ್ಲಿ ಹಡಗು ಸಾಗುವುದು, ಮತ್ತೆ ನಿಮ್ಮ ಟರ್ನ್‌ನಲ್ಲಿ ಇಳಿಸುವುದು. ಅವಸರದ ಕೆಲಸಕ್ಕೆ ಇದು ಒದಗುವುದಿಲ್ಲ.

ಡಿಪ್ಲೊಮಸಿ ಎಂಬ ಯೂರೋಪ್ ನಕ್ಷೆಯ ಆಟದಲ್ಲಿ ಇನ್ನೂ ಬೇರೆ. ಅಲ್ಲಿ ದಾಳವಿಲ್ಲ, ಎಲ್ಲರ ಆದೇಶವೂ ಒಟ್ಟಿಗೆ ಜಾರಿಯಾಗುತ್ತದೆ. ಪ್ರತಿ ಪಡೆಯ ಬಲ ಒಂದು. ನಿಮ್ಮ ಪಡೆ ಜಾಗ ಬಿಡದೆ ತನ್ನ ಬಲವನ್ನು ಮಿತ್ರನಿಗೆ ಎರವಲು ಕೊಡುತ್ತದೆ. ಮಿತ್ರ ಟಿರೋಲಿಯದಿಂದ ಮ್ಯೂನಿಕ್‌ಗೆ ನುಗ್ಗುವಾಗ ನಿಮ್ಮ ಬರ್ಗಂಡಿಯ ಪಡೆ ಬೆಂಬಲ ಕೊಟ್ಟರೆ ಎರಡರ ಬಲವಾಗಿ, ಮ್ಯೂನಿಕ್‌ನಲ್ಲಿ ಒಂಟಿಯಾಗಿ ನಿಂತ ಜರ್ಮನ್ ಪಡೆ ಹೊರಬೀಳುತ್ತದೆ. ಅದೇ ವೇಳೆ ರೂರ್‌ನಿಂದ ಯಾರಾದರೂ ಬರ್ಗಂಡಿಯ ಮೇಲೆ ಬಿದ್ದರೆ ಬೆಂಬಲ ಕಡಿದುಹೋಗುತ್ತದೆ. ಮ್ಯೂನಿಕ್‌ನ ಪಡೆಯೇ ಬರ್ಗಂಡಿಗೆ ತಿರುಗಿಬಿದ್ದರೆ ಕಡಿಯುವುದಿಲ್ಲ. ಮಿತ್ರನ ಆದೇಶ ನಿಮ್ಮ ಬೆಂಬಲದ ಆದೇಶಕ್ಕೆ ಅಕ್ಷರಶಃ ಹೊಂದಬೇಕು. ಅವನು ಕೊನೆಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ಬೊಹೆಮಿಯಕ್ಕೆ ಹೋದರೆ ನಿಮ್ಮ ಬೆಂಬಲ ಗಾಳಿಗೆ ಹೋಯಿತು.

ಮಳೆಗಾಲದ ಮಾತು ಉಳಿಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ನಿಮಿಷಗಳ ಟರ್ನ್ ಇರುವ ವೇಗದ ಆಟಗಳಿಗೆ ಸೇರಲೇಬೇಡಿ. ಒಂದು ಟರ್ನ್‌ಗೆ 24 ಗಂಟೆ ಇರುವ ಆಟಗಳನ್ನು ಮಾತ್ರ ಆಡಿ. ಸತತ ಮೂರು ಟರ್ನ್ ತಪ್ಪಿದರೆ ಆಟದಿಂದ ಹೊರಹಾಕುವ ನಿಯಮ ಕಾಂಕರ್ ಕ್ಲಬ್‌ನಲ್ಲಿದೆ, ಆದ್ದರಿಂದ ಒಟ್ಟಿಗೆ ನಡೆಸುವ ಆಟಗಳ ಸಂಖ್ಯೆಯನ್ನೂ ಇಳಿಸಿ. ಕರೆಂಟ್ ಹೋಗಿ ಟವರ್ ನಿಲ್ಲುವ ಮೊದಲೇ ಇಬ್ಬರೂ ಒಂದು ಮಾತು ಮಾಡಿಕೊಳ್ಳಿ: ಅವನಿಂದ ಉತ್ತರ ಬಾರದಿದ್ದರೆ ಅವನು ಮುಂದಿನ ಟರ್ನ್ ಆಡುವುದಿಲ್ಲ ಎಂದೇ ತಿಳಿಯುವುದು. ಆಗ ದಾಳಿಗೆಂದು ಅವನಿಗೆ ಒಂದು ತುಕಡಿಯನ್ನೂ ಕೊಡಬೇಡಿ, ಆಡುವವನಿಲ್ಲದ ಪಡೆ ಬರೀ ಗುರಿ. ಕಾವಲಿನ ತುಕಡಿಗೆ ಆಡುವವನು ಬೇಕಿಲ್ಲ. ಅವನು ಕತ್ತಲಲ್ಲಿ ಕುಳಿತಿದ್ದರೂ ದಾಳಗಳು ಅವನ ಪರವಾಗಿ ಉರುಳುತ್ತವೆ. ಹಾಗಾಗಿ ಅವನ ಖಂಡದ ಒಂದು ಗಡಿಗೆ, ನಿಮಗೆ ಸಾಧ್ಯವಿರುವಷ್ಟನ್ನು ಒಂದೇ ಕಡೆ ಇಳಿಸಿ. ಉಳಿದದ್ದನ್ನು ನಿಮ್ಮಲ್ಲೇ ಇಟ್ಟುಕೊಂಡು ಕಾರ್ಡ್ ಎತ್ತುತ್ತ ಹೋಗಿ. ಈ ಸಲ ನಿಮ್ಮ ಗಡಿಯನ್ನು ಅವನು ಕಾಯಲಾರ, ಆದ್ದರಿಂದ ಎರಡನೆಯ ಶತ್ರುವಿಗೆ ಬೇಕಾದ ಕಾವಲನ್ನೂ ನಿಮ್ಮ ಟರ್ನ್‌ನಲ್ಲೇ ಲೆಕ್ಕ ಹಿಡಿಯಬೇಕು. ಎರಡೂ ಗಡಿಗೆ ಸಾಲದಿದ್ದರೆ ಬೋನಸ್ ಕಡಿಮೆಯಿರುವುದನ್ನು ಬಿಡಿ. ಮೇಲಿನ ಉದಾಹರಣೆಯಲ್ಲಾದರೆ ಅದು ನಿಮ್ಮ ದಕ್ಷಿಣ ಅಮೆರಿಕವೇ.